ತೆಳ್ಳನೆಯ ಮಗುವಿನ ಹೃದಯಮಾನ

ಎಂ.ಆರ್.ಐ. ಯಂತ್ರವು ಹೃದಯವನ್ನು ಚಿತ್ರಿಸುವ ಬಗೆಯನ್ನು ವರ್ಣಿಸಿ ವಾಚಕರ ಕಾಲವನ್ನು ಹರಣ ಮಾಡಲು ನನಗೆ ಮನಸ್ಸಿಲ್ಲ. ಎಕ್ಸ್‌ರೇಯ ವಿಕಿರಣವಿಲ್ಲದೆ, ಹೃತ್ಕುಕ್ಷಿಯನ್ನು ಹೋಳುಹೋಳಾಗಿ ಕಂಡು, ಹೋಳುಗಳನ್ನು ಕೂಡಿಸಿ ಅದರ ಗಾತ್ರವನ್ನು ಹೇಳಬಲ್ಲ ಈ ವಿಧಾನಕ್ಕೆ ಬಂದಿರುವ ಕೀರ್ತಿ ಬಹುಮಟ್ಟಿಗೆ ನ್ಯಾಯವಾದುದೇ. ನನ್ನ ತಕರಾರು ಯಂತ್ರದೊಡನೆಯಲ್ಲ. ಆರೋಗ್ಯವಂತ ಮಗುವಿನ ಹೃದಯಸ್ನಾಯು ಇಷ್ಟು ದುಡಿಯತಕ್ಕದ್ದೆಂದು ವಿಧಿಸುವ ಕೋಷ್ಟಕದೊಡನೆ. ಆ ಕೋಷ್ಟಕಕ್ಕೆ ಸಲ್ಲುತ್ತಿರುವ ಗೌರವವು ಅದರ ಯೋಗ್ಯತೆಯನ್ನು ಮೀರಿದೆ.

2010ರಲ್ಲಿ ಜರ್ಮನಿಯ ವೈದ್ಯರು 114 ಮಂದಿ ಆರೋಗ್ಯವಂತ ಮಕ್ಕಳನ್ನೂ ತರುಣರನ್ನೂ ಪರೀಕ್ಷಿಸಿ, ಗಂಡುಹೆಣ್ಣುಗಳಿಗೆ ಬೇರೆಬೇರೆಯಾಗಿ ಮಾನಗಳನ್ನು ಪ್ರಕಟಿಸಿದರು. ಶ್ರದ್ಧೆಯ ಕೆಲಸ. ಆದರೆ ಬಾಗಲಕೋಟೆ ಸೀಮೆಯ ಶಿರೂರಿನ ಶಾಲೆಯ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿಯೂ ದಣಿಯದೆ ಓಡುವ ಕೃಶಾಂಗಿಯಾದ ಬಾಲಕಿಯ ಹೃದಯವನ್ನು ಆ ಮಾನಗಳಿಂದ ತೂಗುವುದು ಹೇಗೆಂಬುದನ್ನು ತುಸು ನಿಧಾನವಾಗಿ ವಿಚಾರಿಸಬೇಕಾಗಿದೆ.

ಹೃದಯವು ಒಂದು ಬಡಿತಕ್ಕೆ ಹೊರದೂಡುವ ರಕ್ತವನ್ನು ವೈದ್ಯರು ಮಗುವಿನ ದೇಹದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸುವರು. ಆ ವಿಸ್ತೀರ್ಣವನ್ನಾದರೂ ಯಾರೂ ಅಳೆಯುವುದಿಲ್ಲ. ಎತ್ತರ ತೂಕಗಳಿಂದ ಸೂತ್ರದ ಮೂಲಕ ಊಹಿಸುತ್ತಾರೆ. ಇಂಥ ಸೂತ್ರಗಳಲ್ಲಿ ಬಹುಖ್ಯಾತವಾದ, 1916ರ ಡುಬಾಯ್ ಸೂತ್ರವು ಒಂಬತ್ತೇ ಜನರ ಅಳತೆಯ ಮೇಲೆ ನಿಂತದ್ದು! 1987ರಲ್ಲಿ ಬಂದ ಮೊಸ್ಟೆಲರನ ಸೂತ್ರ ಸರಳವಾದುದು: ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರಾಯಿತು. ಈಗ 120 ಸೆಂಟಿಮೀಟರ್ ಎತ್ತರದ ಇಬ್ಬರು ಮಕ್ಕಳನ್ನು ಭಾವಿಸೋಣ. ಒಬ್ಬಳು 18 ಕಿಲೋ, ಇನ್ನೊಬ್ಬಳು 23 ಕಿಲೋ; ನಡುವಣ ಅಂತರ ಹೆಚ್ಚಾಗಿ ಕೊಬ್ಬಿನದು. ಹೃದಯದ ಗಾತ್ರವು ಮಾಂಸಖಂಡವನ್ನು ಅನುಸರಿಸುವಷ್ಟು ಕೊಬ್ಬನ್ನು ಅನುಸರಿಸದಾದ್ದರಿಂದ ಇಬ್ಬರ ಹೃದಯವೂ ಬಡಿತಕ್ಕೆ 36 ಮಿಲಿಲೀಟರ್ ರಕ್ತವನ್ನೇ ದೂಡುತ್ತದೆನ್ನೋಣ. ಭಾಗಿಸಿದಾಗ ಮೊದಲನೆಯವಳಿಗೆ 46, ಎರಡನೆಯವಳಿಗೆ 41. ರಕ್ತ ಅಷ್ಟೇ, ಸ್ನಾಯುವಿನ ಬಲವೂ ಅಷ್ಟೇ; ತೆಳ್ಳನೆಯವಳು ಮಾತ್ರ ಸೂತ್ರದ ಕೃಪೆಯಿಂದ ಕಡ್ಡಿ ಪೈಲ್ವಾನಳಾದಳು. ಇದು ನಗುವ ಮಾತಾಗಿಯೇ ಉಳಿಯುವುದಿಲ್ಲ. ಅವಳ ಹೃದಯವು ನಿಜವಾಗಿಯೇ ಸೋತು 32 ಮಿಲಿಲೀಟರಿಗೆ ಇಳಿಯಿತೆನ್ನಿ. ಭಾಗಿಸಿದರೆ ಮತ್ತೆ 41, ಎಂದರೆ ಮೈತುಂಬಿದ ಗೆಳತಿಯ ನಿರೋಗ ಹೃದಯದ ಅಂಕೆಯೇ. ಬಡಕಲುತನವು ಹೃದಯದ ಸೋಲನ್ನು ಮುಚ್ಚಿಟ್ಟಿತು. ಕೋಷ್ಟಕವು ಅದಕ್ಕೆ ಸಾಕ್ಷಿ ನುಡಿಯಿತು.

ಸ್ನಾಯುವಿನ ಎಳೆ ಶೇಕಡಾ ಎಷ್ಟು ಕುಗ್ಗಿತೆಂದು ಹೇಳುವ 'ಸ್ಟ್ರೇನ್' ಎಂಬ ಮಾನಕ್ಕೆ ಈ ಭಾಗಾಕಾರದ ಹಂಗಿಲ್ಲ. ಒದ್ದೆಯಾದ ಇಳಕಲ್ ಸೀರೆಯನ್ನು ಇಬ್ಬರು ಎದುರುಬದುರು ನಿಂತು ಹಿಂಡುವಂತೆ ಹೃದಯದ ಬುಡವೂ ತುದಿಯೂ ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳುವುದನ್ನು ಕಾಣಿಸುವುದರಲ್ಲಿ ಎಂ.ಆರ್.ಐ.ಯ ಸೊಬಗು ನಿಜಕ್ಕೂ ದೊಡ್ಡದು. ಸುತ್ತಳತೆಯ ಕುಗ್ಗುವಿಕೆಯನ್ನು ನಂಬಬಹುದು. ಗೋಡೆ ದಪ್ಪವಾಗುವ ಲೆಕ್ಕವನ್ನು ಮಾತ್ರ ನಾನು ನಂಬಲಾರೆ: ಐದಾರು ಮಿಲಿಮೀಟರಿನ ಎಳೆಯ ಗೋಡೆಯನ್ನು ಸುಮಾರು ಒಂದೂವರೆ ಮಿಲಿಮೀಟರಿನ ಚುಕ್ಕಿಗಳಲ್ಲಿ ಚಿತ್ರಿಸಿದ ಮೇಲೆ, ಒಂದೇ ಚುಕ್ಕಿ ತಪ್ಪಿದರೂ ಲೆಕ್ಕವೆಲ್ಲ ಬುಡಮೇಲು.

ಇಷ್ಟು ಹೇಳಿದೊಡನೆ, ಶಬ್ದತರಂಗಗಳಿಂದ ಹೃದಯವನ್ನು ನೋಡುವ ಎಕೋ ಪರೀಕ್ಷೆಯ ಪಕ್ಷಪಾತಿಗಳು ಹಿಗ್ಗುವರೆಂದು ಬಲ್ಲೆ. ಹಳ್ಳಿಯ ಮಗುವಿಗೆ ಈ ವೈಭವವೇಕೆ, ಹೃದಯವು ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಹಾಕಿತೆಂಬ ಒಂದಂಕೆ ಸಾಲದೇ ಎನ್ನುವುದು ಅವರ ವಾದ. ಸಾಲದು. ಗೋಡೆ ದಪ್ಪಗಾಗಿ ಕುಹರ ಕಿರಿದಾದ ಹೃದಯದಲ್ಲಿ ಆ ಶೇಕಡಾ ಸೊಗಸಾಗಿಯೇ ಉಳಿದು, ಉದ್ದದ ಎಳೆಗಳು ಆಗಲೇ ಸೋತಿರಬಹುದು. ಹಳ್ಳಿಯ ಮಾತಿಗೆ ಬಂದರೆ, 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆ ಅಂಗನವಾಡಿಗಳಿಗೇ ಹೋಗಿ ಮಕ್ಕಳ ಎದೆಗೆ ಕಿವಿಗೊಡುತ್ತಿರುವಾಗ, ಅಲ್ಲಿ ಸಂಶಯಕ್ಕೊಳಗಾದ ಮಗುವು ಒಂದು ದಿನ ಈ ಯಂತ್ರದೊಳಗೂ ಮಲಗಬೇಕಾದೀತು. ಶ್ರೀಮಂತರ ಮಗುವಿಗೆ ಬೇಕಾದ ಸೂಕ್ಷ್ಮತೆ ನೇಕಾರನ ಮಗುವಿಗೆ ಬೇಡವೆನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ನನಗೆ ಆಧಾರ ದೊರೆತಿಲ್ಲ.

ಇನ್ನು ಯಂತ್ರದ ಪಕ್ಷದವರು. ಆರೋಗ್ಯವಂತರೆಂದು ಅವರು ಎಣಿಸುವವರಾರು? ಗದ್ದಲದ ಆ ಕೊಳವೆಯಲ್ಲಿ ಅಲುಗದೆ ಮಲಗಿ, ಹೇಳಿದಾಗ ಉಸಿರು ಬಿಗಿಹಿಡಿಯಬಲ್ಲ ಮಕ್ಕಳು. ಇಲ್ಲವೇ ಏನೋ ಸಂಶಯದಿಂದ ಪರೀಕ್ಷೆಗೆ ಬಂದು, ಏನೂ ಇಲ್ಲವೆಂದು ಹಿಂದಿರುಗಿದವರು. ರೋಗವಿಲ್ಲದ ಮೂರು ವರ್ಷದ ಕೂಸಿಗೆ ಕೇವಲ ಕೋಷ್ಟಕಕ್ಕಾಗಿ ಅರಿವಳಿಕೆ ಕೊಡುವುದು ಅಧರ್ಮವಾದುದರಿಂದ ಆ ವಯಸ್ಸಿನ ಸಾಲುಗಳು ಬಡವಾಗಿಯೇ ಉಳಿಯುತ್ತವೆ. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಭಾಗಿಸಿದ ಅಂಕೆಯ ಪಕ್ಕದಲ್ಲಿ ಭಾಗಿಸದ ಮಿಲಿಲೀಟರನ್ನೂ ಎತ್ತರ ತೂಕಗಳನ್ನೂ ವರದಿಯಲ್ಲಿ ಬರೆಯಿರೆಂದಷ್ಟೇ ಕೇಳುತ್ತೇನೆ. ಅದಕ್ಕೆ ಬೇಕಾದದ್ದು ಇನ್ನೊಂದು ಸಾಲು ಶಾಯಿ.