ಉಂಡ ಅನ್ನದ ಋಣ

ಪೀಟರ್ ಹೆಸ್ಲರ್ ಅವರ 'ರಿವರ್ ಟೌನ್' (2001) ಪ್ರವಾಸಕಥನವೆಂದೇ ಪ್ರಸಿದ್ಧ. ಅದರ ಹುರುಳಿರುವುದು ಋಣದ ಲೆಕ್ಕದಲ್ಲಿ. 1996ರಿಂದ 1998ರವರೆಗೆ ಲೇಖಕರು ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರಾಗಿ ಯಾಂಗ್ಟ್ಸೆ ನದೀತೀರದ ಫೂಲಿಂಗ್ ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. (ಶೀತಲ ಸಮರದ ಕಹಿ ಅಂಟಿದ್ದ ಆ ಹೆಸರನ್ನು ಚೀನದಲ್ಲಿ ಬಳಸದೆ 'ಅಮೆರಿಕ-ಚೀನ ಮೈತ್ರಿ ಸ್ವಯಂಸೇವಕರು' ಎನ್ನಲಾಗುತ್ತಿತ್ತು.)

ಕೊಡಲೆಂದು ಹೋದವರು ಮೊದಲು ಕೈಯೊಡ್ಡಬೇಕಾಯಿತು. ಬೀದಿಗಿಳಿದರೆ ಜನ ಕೂಗಿ ಅಣಕಿಸುತ್ತಿದ್ದ ಊರಿನಲ್ಲಿ, ಕಾಲೇಜಿನ ಬಳಿಯ ಪುಟ್ಟ ನೂಡಲ್ಸ್ ಅಂಗಡಿಯ ಕುಟುಂಬವೊಂದು ಅವರನ್ನು ಕೂರಿಸಿಕೊಂಡಿತು, ತೊದಲು ಚೀನೀ ಮಾತನ್ನು ಸಹಿಸಿತು, ಹೊಸ ವರುಷದ ಹಬ್ಬದೂಟಕ್ಕೆ ಕರೆಯಿತು. ಉಪಕಾರವೆಂಬ ದೊಡ್ಡ ಮಾತಿಗೆ ಎಡೆಗೊಡದ ಈ ಪುಟಗಳೇ ಕೃತಿಯ ಜೀವ.

ಊರು ಬಿಡುವ ಮುನ್ನ, ವಿಡಿಯೋ ಕ್ಯಾಮೆರಾ ಹಿಡಿದು ಪೇಟೆಗೆ ಹೋದಾಗ ಗುಂಪು ಮುತ್ತಿ ಹಗೆ ತೋರಿದ ಪ್ರಸಂಗವೂ ಇಲ್ಲಿದೆ. ಅದು ಗ್ರಂಥಕ್ಕೇ ಹಾಕಿದ ಪ್ರಶ್ನೆ. ಲೇಖನಿಯೂ ಒಂದು ಬಗೆಯ ಕ್ಯಾಮೆರಾವೇ ಅಲ್ಲವೆ? ಬಟ್ಟಲು ತುಂಬಿ ಬಡಿಸಿದವರು ಪುಸ್ತಕದ ಪಾತ್ರಗಳಾಗಲೆಂದು ಬಡಿಸಿದ್ದಲ್ಲ. ನೆರವಿಗೆ ನಿಂತವರ ಬದುಕನ್ನು ಅಪರಿಚಿತ ಓದುಗರ ಮುಂದಿಡುವ ಅಧಿಕಾರ ಅತಿಥಿಗೆ ಎಲ್ಲಿಂದ ಬಂತು?

ಲೇಖಕರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ತಮ್ಮ ಸಿಟ್ಟನ್ನೂ ಗೆಲ್ಲಲೇಬೇಕೆಂಬ ಹಟವನ್ನೂ ಮರೆಮಾಚುವುದಿಲ್ಲ; ಅನ್ಯರನ್ನು ನೋಡಿದ ಕಣ್ಣನ್ನೇ ತಮ್ಮತ್ತಲೂ ತಿರುಗಿಸುತ್ತಾರೆ. 2019ರಲ್ಲಿ ಬೋಧಿಸಲು ಮತ್ತೆ ಸಿಚುವಾನ್‌ಗೆ ಹೋದ ಅವರು, ಫೂಲಿಂಗ್‌ನ ಹಳೆಯ ವಿದ್ಯಾರ್ಥಿಗಳ ನಡುವಯಸ್ಸಿನ ಬದುಕನ್ನು 'ಅದರ್ ರಿವರ್ಸ್' (2024) ಗ್ರಂಥದಲ್ಲಿ ವಿಚಾರಿಸಿಕೊಂಡರು. ಅಲ್ಲಿಯೂ ಬಡಿಸಿದವರು ಅವರು, ಬರೆದವರು ಇವರು.