ಬೊಳುವಾರರ ಬಾಲಗಾಂಧಿ: ಒಂದು ವಿವೇಚನೆ

ಪುತ್ತೂರು ಸೀಮೆಯ ಬೊಳುವಾರು ಮಹಮದ್ ಕುಂಞಿಯವರು (ಜನನ 1951) ಮುಸ್ಲಿಂ ಬದುಕನ್ನು ಕನ್ನಡ ಸಣ್ಣಕಥೆಗೆ ತಂದವರೆಂದು ಪ್ರಸಿದ್ಧರು. ಮಕ್ಕಳಿಗಾಗಿ ಬರೆದ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರಲ್ಲಿ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು.

ಇತಿಹಾಸದ ಅಧ್ಯಾಪಕರಾದ ನಮಗೆ ಈ ಹೆಸರಿನಲ್ಲಿಯ 'ಆದ' ಎಂಬ ಪದವೇ ಮುಖ್ಯವಾದುದು. ನವಲಗುಂದ, ಅಣ್ಣಿಗೇರಿಗಳ ಮಕ್ಕಳಿಗೂ ಮಹಾತ್ಮರ ಪರಿಚಯವಾಗುವುದು ಹಾರ ಹಾಕಿದ ಭಾವಚಿತ್ರದಿಂದ. ಭಾವಚಿತ್ರಕ್ಕೆ ಬಾಲ್ಯವಿಲ್ಲ, ತಪ್ಪಿಲ್ಲ. ಅದು ಪೂಜೆಯನ್ನು ಕಲಿಸೀತೇ ಹೊರತು ಇತಿಹಾಸವನ್ನಲ್ಲ. ಅಣ್ಣನ ಕಡಗದ ಚಿನ್ನ ಕದ್ದು, ತಂದೆಗೆ ತಪ್ಪೊಪ್ಪಿಗೆಯ ಚೀಟಿ ಕೊಟ್ಟುದನ್ನು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಂತಹ ಹುಡುಗನು ಬೆಳೆದು ಬಾಪು ಆದನೆಂಬುದೇ ಇತಿಹಾಸ.

ಆದರೆ ಒಂದು ಎಚ್ಚರಿಕೆಯೂ ಅಗತ್ಯ. ಫಲವನ್ನು ಮೊದಲೇ ಬಲ್ಲ ಓದುಗನು ಬಾಲ್ಯದ ಪ್ರತಿಯೊಂದು ಘಟನೆಯಲ್ಲಿಯೂ ಮಹತ್ತಿನ ಮುನ್ಸೂಚನೆಯನ್ನೇ ಕಾಣಬಹುದು. ಆ ಹುಡುಗನು ಬೇರೆಯೂ ಆಗಬಹುದಿತ್ತೆಂಬುದನ್ನು ತಿಳಿಸಿಕೊಡುವುದು ಅಧ್ಯಾಪಕನ ಹೊಣೆಯೆಂದು ನಾವು ಭಾವಿಸುತ್ತೇವೆ.