ಹೆಣಿಗೆಗೊಂದು ಸಂಚಿ

ಉಣ್ಣೆಯ ಬಣ್ಣವನ್ನೂ ಕಡ್ಡಿಯ ದಪ್ಪವನ್ನೂ ಆರಿಸುವಲ್ಲಿ ನಮ್ಮ ಹೆಣಿಗೆಗಾರ್ತಿಯರು ತೋರುವ ವಿವೇಚನೆಯ ಹತ್ತರಲ್ಲೊಂದು ಪಾಲಾದರೂ ಅವನ್ನು ಇರಿಸುವ ಚೀಲದ ವಿಷಯದಲ್ಲಿ ಕಾಣಬರುವುದಿಲ್ಲವೆಂಬುದು ನನಗೆ ಬಹುಕಾಲದ ವ್ಯಥೆ. ಅರ್ಧ ಹೆಣೆದ ಸ್ವೆಟರು ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಮುದುಡಿಕೊಂಡು, ಕಡ್ಡಿಯ ಮೊನೆ ಪಕ್ಕೆಯನ್ನು ತೂತುಮಾಡಿ ಹೊರಕ್ಕೆ ಚಾಚಿ, ಕುಣಿಕೆಗಳು ಒಂದೊಂದಾಗಿ ಜಾರಿಹೋಗುವುದನ್ನು ಕಂಡವರಿಗೆ ಚೀಲವೂ ಈ ಕಲೆಯ ಉಪಕರಣಗಳಲ್ಲೊಂದೆಂದು ಬೇರೆ ಹೇಳಬೇಕಾದುದಿಲ್ಲ.

ಅದಕ್ಕೊಪ್ಪುವ ಮಾದರಿ ನಮ್ಮಲ್ಲಿ ಮೊದಲಿನಿಂದಲೂ ಉಂಟು: ಎಲೆಯಡಿಕೆಯ ಸಂಚಿ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದ ಹೊನ್ನಮ್ಮನ ಹೆಸರಿನೊಡನೆ ಸಾಹಿತ್ಯಚರಿತ್ರೆಯನ್ನೇ ಸೇರಿದ ಈ ವಸ್ತು, ಉತ್ತರದ ಸೀಮೆಯಲ್ಲಿ ಚಂಚಿಯೆನಿಸಿಕೊಂಡು ಹಿರಿಯರ ಸೊಂಟದಲ್ಲಿ ನೆಲೆನಿಂತದ್ದು ಸುಮ್ಮನೆ ಅಲ್ಲ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಒಳಗೆ ಅರೆಗಳನ್ನು ವಿಂಗಡಿಸಿ, ಬಾಯಿಯನ್ನು ದಾರದಿಂದ ಬಿಗಿದು, ನೋಡದೆಯೇ ಬೆರಳಿಗೆ ಬೇಕಾದುದು ಸಿಕ್ಕುವಂತೆ ಮಾಡಿದ ಆ ಯೋಜನೆಯನ್ನೇ ಹಿಗ್ಗಿಸಿದರೆ, ನೂಲಿಗೆ ಒಂದು, ಕಡ್ಡಿಗೆ ಒಂದು, ಕತ್ತರಿ ಮತ್ತು ಅಳತೆಪಟ್ಟಿಗೆ ಒಂದು ಅರೆಯುಳ್ಳ ಉತ್ತಮವಾದ ಹೆಣಿಗೆಚೀಲ ಸಿದ್ಧವಾಗುತ್ತದೆ.

ಬಟ್ಟೆಯನ್ನು ಕೊಳ್ಳಬಾರದು, ಇದು ನನ್ನ ಅಚಲವಾದ ಅಭಿಪ್ರಾಯ. ವರ್ಷಾನುವರ್ಷ ನೀರು ಕಂಡ ಹತ್ತಿಬಟ್ಟೆ ತನ್ನ ಕುಗ್ಗುವಿಕೆಯನ್ನೆಲ್ಲ ಮುಗಿಸಿರುತ್ತದೆ, ಬಿಡಬೇಕಾದ ಬಣ್ಣದ ಬಹುಭಾಗವನ್ನು ಬಿಟ್ಟಿರುತ್ತದೆ, ಗಂಜಿಯ ಒರಟನ್ನು ಕಳೆದುಕೊಂಡು ಉಣ್ಣೆಯ ಎಳೆಗೆ ತೊಡರದಷ್ಟು ನಯವಾಗಿರುತ್ತದೆ. ಇವು ಯಾವುವೂ ಹೊಸ ತುಂಡಿನಲ್ಲಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಇಳಕಲ್ಲ ಸೀರೆಯೊಂದಿದ್ದರೆ ಅದಕ್ಕಿಂತ ಮೇಲಾದುದನ್ನು ಅರಸಬೇಕಾಗಿಲ್ಲ. ಆ ಸೀರೆಯಲ್ಲಿ ಒಡಲು ಒಂದು, ಸೆರಗು ಇನ್ನೊಂದು. ಒಡಲಿನ ಹಾಸುನೂಲನ್ನು ಸೆರಗಿನ ಹಾಸುನೂಲಿಗೆ ಕುಣಿಕೆಯಿಂದ ಕುಣಿಕೆಗೆ ಸೇರಿಸುವ ಕೊಂಡಿಯ ಕೌಶಲ ಅಲ್ಲಿಯ ನೇಕಾರರ ಹೆಮ್ಮೆ. ಉಟ್ಟಾಗ ಮೊದಲು ಸವೆಯುವುದು ಕುಳಿತು ಏಳುವಲ್ಲಿನ ಒಡಲು. ಅಂಚಾದರೋ ದಟ್ಟವಾದ ನೇಯ್ಗೆಯಿಂದ ಬಹುಕಾಲ ಗಟ್ಟಿಯಾಗಿರುತ್ತದೆ. ತೋಪು ತೆನೆಯ ಕೆಂಪು ಸೆರಗೂ ಒಡಲಿನಷ್ಟು ಬೇಗ ಜೀರ್ಣವಾಗದು. ಆದುದರಿಂದ ಸೆರಗನ್ನು ಚೀಲದ ಹೊರಮೈಗೂ, ಅಂಚನ್ನು ಎರಡು ಮಡಿಕೆಯಾಗಿ ಹೊಲಿದು ಹಿಡಿಕೆಗೂ ಬಳಸತಕ್ಕದ್ದು. ಕೊಂಡಿಯ ಸಾಲನ್ನು ಮಾತ್ರ ಭಾರ ಬೀಳುವಲ್ಲಿಗೆ ತರಬಾರದು. ಉಡಲು ಇನ್ನೂ ಯೋಗ್ಯವಾದ ಸೀರೆಗೆ ಕತ್ತರಿ ಹಾಕುವುದನ್ನು ನಾನು ಎಂದಿಗೂ ಅನುಮೋದಿಸಲಾರೆ. ಕತ್ತರಿಸುವ ಮುನ್ನ ಬಟ್ಟೆಯನ್ನು ಬೆಳಕಿಗೆ ಹಿಡಿದು, ಹಾಸು ಹೊಕ್ಕು ಎರಡು ದಿಕ್ಕಿಗೂ ಹೆಬ್ಬೆರಳಿನಿಂದ ಜಗ್ಗಿ ನೋಡಬೇಕು. ಒದ್ದೆಯಾದ ಬಿಳಿಯ ಚಿಂದಿಯಿಂದ ಉಜ್ಜಿ, ಬಣ್ಣ ಹತ್ತುವುದಾದರೆ ಅದನ್ನು ಬಿಳಿಯ ಉಣ್ಣೆಯ ಸಮೀಪಕ್ಕೆ ತರದಿರಬೇಕು.

ಒಳಗಿನ ಅಸ್ತರಕ್ಕೆ ಹಳೆಯ ಪಂಚೆಗಿಂತ ತಕ್ಕುದಿಲ್ಲ. ಅದರ ಬಿಳುಪಿನ ಮೇಲೆ ಜಾರಿಬಿದ್ದ ಸೂಜಿಯೂ ಪಿನ್ನೂ ಕೂಡಲೇ ಕಣ್ಣಿಗೆ ಬೀಳುತ್ತವೆ. ಸಾಮಾನ್ಯವಾದ ನೇರ ಕಡ್ಡಿ 14 ಅಂಗುಲವಿರುವುದರಿಂದ ಚೀಲದ ಆಳ 16 ಅಂಗುಲಕ್ಕೆ ಕಡಿಮೆಯಾಗಬಾರದು. ತಳದ ಎರಡು ಮೂಲೆಗಳನ್ನೂ ತ್ರಿಕೋಣವಾಗಿ ಚಪ್ಪಟೆ ಮಾಡಿ ತುದಿಯಿಂದ 2 ಅಂಗುಲ ಒಳಗೆ ಅಡ್ಡಹೊಲಿಗೆ ಹಾಕಿದರೆ 4 ಅಂಗುಲ ಅಗಲದ ತಳ ದೊರೆತು ಚೀಲ ನೆಲದ ಮೇಲೆ ತಾನಾಗಿ ಕೂರುತ್ತದೆ. ಕಡ್ಡಿಯ ಅರೆಯ ಬುಡಕ್ಕೆ, ಮೊನೆಯ ತಿವಿತವನ್ನು ತಡೆಯಲೆಂದು, ಹಳೆಯ ಜೀನ್ಸಿನ ತುಂಡನ್ನು ಎರಡು ಪದರವಾಗಿ ಕೊಡಬೇಕು. ಅದೇ ಜೀನ್ಸಿನ ಹಿಂಜೇಬನ್ನು ಬಿಚ್ಚಿ ಒಳಗೋಡೆಗೆ ಹೊಲಿದರೆ ಕತ್ತರಿಗೆ ಮನೆಯಾಯಿತು.

ಬಾಯಿಗೆ ಜಿಪ್ಪನ್ನು ಇಡುವವರೊಡನೆ ನನಗೆ ತೀವ್ರವಾದ ಭಿನ್ನಾಭಿಪ್ರಾಯವುಂಟು. ಜಿಪ್ಪಿನ ಹಲ್ಲು ಉಣ್ಣೆಯನ್ನು ಕಚ್ಚುತ್ತದೆ. ವೆಲ್ಕ್ರೋ ಅದಕ್ಕಿಂತಲೂ ಘಾತುಕ. ಸಂಚಿಯ ರೀತಿಯಲ್ಲಿ ಎರಡು ಲಾಡಿಗಳನ್ನು ಎದುರುಬದುರಾಗಿ ಪೋಣಿಸಿ ಎರಡು ಪಕ್ಕದಿಂದಲೂ ಎಳೆಯುವುದೇ ಸರಿಯಾದ ಕ್ರಮ.

ಇನ್ನು, ಚೀಲದೊಳಗಿನ ಉಂಡೆಯಿಂದ ಕೈಯಲ್ಲಿನ ಕಡ್ಡಿಗೆ ನೂಲು ತೊಡಕಿಲ್ಲದೆ ಹರಿದುಬರುವ ದಾರಿ. ಮನೆಯ ಯಜಮಾನರ ಹಳೆಯ ಅಂಗಿಯೊಂದರ ಗುಂಡಿಪಟ್ಟಿಯನ್ನು, ಗುಂಡಿ ಕಾಜಾಗಳೆರಡೂ ಇದ್ದಂತೆಯೇ ಕತ್ತರಿಸಿ, ಲಾಡಿಯ ಮಡಿಕೆಯ ಕೆಳಗೆ ಚೀಲದ ಮುಂಭಾಗದಲ್ಲಿ ಅಡ್ಡಲಾಗಿ ಕೂಡಿಸಬೇಕು. ಕೆಲವರು ನೂಲನ್ನು ಖಾಲಿ ಕಾಜಾದೊಳಗಿಂದ ಎಳೆದುಕೊಳ್ಳುವರು. ಅದು ನೋಡಲು ಚೆಲುವಾದರೂ, ಒಮ್ಮೆ ಪೋಣಿಸಿದ ನೂಲನ್ನು ಕತ್ತರಿಸದ ಹೊರತು ಹೆಣಿಗೆಯನ್ನು ಚೀಲದಿಂದ ಬಿಡಿಸಿಕೊಳ್ಳುವ ಉಪಾಯವಿಲ್ಲ. ಎರಡು ಗುಂಡಿಗಳ ನಡುವಣ ಸಂದಿನಿಂದ ನೂಲನ್ನು ತಂದರೆ ಬೇಕೆನಿಸಿದಾಗ ಗುಂಡಿಯನ್ನು ಬಿಚ್ಚಿ ನೂಲನ್ನು ಬಿಡುಗಡೆ ಮಾಡಬಹುದು. ಎರಡು ಬಣ್ಣಗಳಿಂದ ಹೆಣೆಯುವವರು ಒಂದೊಂದಕ್ಕೆ ಒಂದೊಂದು ಸಂದನ್ನು ಮೀಸಲಿಟ್ಟರೆ, ಗಳಿಗೆಗೊಮ್ಮೆ ಗಂಟು ಬಿಡಿಸುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ.

ಒಳಹೊಲಿಗೆಗಳಲ್ಲಿ ಬಟ್ಟೆಯ ಕಚ್ಚಾ ಅಂಚು ತೆರೆದಿರಬಾರದು. ಮೊದಲು ಮೇಲ್ಮೈ ಹೊರಗಿರುವಂತೆ ಕಿರಿದಾಗಿ ಹೊಲಿದು, ತಿರುವಿಹಾಕಿ, ಮತ್ತೊಮ್ಮೆ ಹೊಲಿದರೆ ಅಂಚು ನಡುವೆ ಹುದುಗಿಹೋಗಿ, ಬಿಡಿಬಿಡಿಯಾದ ಹತ್ತಿಯ ಎಳೆಗಳು ಹೆಣಿಗೆಯೊಳಕ್ಕೆ ಸೇರುವುದಿಲ್ಲ. ಮಳೆಗಾಲದಲ್ಲಿ ನುಸಿಯ ಭಯಕ್ಕೆ ಒಣಬೇವಿನೆಲೆಯನ್ನು ಇಡುವ ವಾಡಿಕೆಯುಳ್ಳವರು ಅದನ್ನು ತೆಳುಬಟ್ಟೆಯಲ್ಲಿ ಗಂಟುಕಟ್ಟಿ ಇಡುವುದೊಳಿತು, ಇಲ್ಲವಾದರೆ ಎಲೆಯ ಪುಡಿ ಉಣ್ಣೆಗೆ ಹತ್ತುತ್ತದೆ.

ಗುಂಡಿಪಟ್ಟಿಯನ್ನು ತೆಗೆದ ಮೇಲೆ ಆ ಅಂಗಿಯ ತೋಳುಗಳು ಉಳಿಯುವುವಷ್ಟೆ. ಕಾಲುಚೀಲವನ್ನೋ ಮಗುವಿನ ಕುಲಾವಿಯನ್ನೋ ಹೆಣೆಯುವವರು ಒಂದು ತೋಳಿನ ಅಗಲವಾದ ತುದಿಯನ್ನು ಮುಚ್ಚಿ ಹೊಲಿದು, ಒಂದೇ ಉಂಡೆಯನ್ನು ಅದರೊಳಗೆ ಇಳಿಸಿ, ಮುಂಗೈಪಟ್ಟಿಗೆ ಸೀರೆಯಂಚಿನ ಕುಣಿಕೆಯೊಂದನ್ನು ಹೊಲಿದು ಮಣಿಕಟ್ಟಿಗೆ ತೂಗಿಕೊಳ್ಳಬಹುದು. ಪಟ್ಟಿಯ ಗುಂಡಿಯನ್ನು ಹಾಕಿದರೆ ಉಂಡೆ ಹೊರಬೀಳದು, ನೂಲು ಬರುವುದಕ್ಕೂ ಅಡ್ಡಿಯಿಲ್ಲ. ಅಂಗಳದಲ್ಲಿ ಅಡ್ಡಾಡುತ್ತಲೇ ಹೆಣೆಯಬಹುದು.